ನಾಲಿಗೆಯ ಪರೀಕ್ಷೆ

ಅಪ್ಪನ ಕೆಲಸ ಕರೆಂಟನ್ನು ತಡೆಯುವುದು.
ಬೌಟ್ಸೆನ್ ಬಳಿಯ ಪಿಂಗಾಣಿ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ
ಕಂಬಗಳ ನೆತ್ತಿಗೆ ಬಿಳಿ ಬಟ್ಟಲು ಬೋರಲು ಹಾಕಿದವನು.

ಒಂದು ತೂತು ಸಾಕು, ಎನ್ನುತ್ತಿದ್ದ,
ಸಾಸಿವೆಯ ಸಾವಿರದೊಂದು ಪಾಲಿನಷ್ಟು;
ಅದರೊಳಗೆ ಮಂಜು ಹೊಕ್ಕಿತೋ,
ಕರೆಂಟು ಕಂಬವಿಳಿದು ನೆಲಕ್ಕೆ ನಡೆಯುತ್ತದೆ,
ಹಾದಿಯಲ್ಲಿ ಯಾರಿದ್ದಾರೆಂದು ನೋಡುವುದಿಲ್ಲ.

ಅದಕ್ಕೇ ಚೂರುಗಳನ್ನು ಕೆಂಪು ಬಣ್ಣದಲ್ಲಿ ಮುಳುಗಿಸಿ
ಒತ್ತಡ ಕೊಟ್ಟು ಇಡೀ ಪಾಳಿ ಕಾಯುವುದು,
ಆಮೇಲೆ ಒಡೆದು ನೋಡುವುದು.
ಒಳಗೆ ಬಿಳಿಯಿದ್ದರೆ ಪಾಸು.
ಕೆಂಪು ಇಳಿದಿದ್ದರೆ ಆ ಭಟ್ಟಿಯ ಮಾಲೆಲ್ಲ ಗುಂಡಿಗೆ.
ಭಾನುವಾರ ಚರ್ಚಿನಲ್ಲಿ ಕೈ ಜೋಡಿಸಿದಾಗಲೂ
ಅವನ ಉಗುರಿನ ಸಂದಿಯಲ್ಲಿ ಆ ಕೆಂಪು.
ಬಣ್ಣ ಮುಗಿದ ದಿನ
(ಆ ಕಾಲದಲ್ಲಿ ಏನೇನೋ ಮುಗಿದುಹೋಗುತ್ತಿತ್ತು)
ಮುರಿದ ಅಂಚಿಗೆ ನಾಲಿಗೆ ತಾಗಿಸುತ್ತಿದ್ದ:
ಅಂಟಿದರೆ ಕಸ,
ಜಾರಿದರೆ ಸರಕು.

ಅಂಥವನ ಮಗಳು ನಾನು
ಡ್ರೆಸ್ಡೆನ್ನಿನ ಮೂರನೇ ಮಹಡಿಯಲ್ಲಿ
ಸಂಬಳ ತಗೊಂಡು ತೂತು ಮಾಡುತ್ತೇನೆ.

ನಿಕ್ಕಲ್ ಉಪ್ಪು ನೀರಿಗೆ ಬಿದ್ದರೆ ಹಸಿರು,
ಅಮೋನಿಯಾ ಸುರಿದರೆ ನೀಲಿ, ಕಣ್ಣಲ್ಲಿ ನೀರು.
ಆರು ಕೈಯ ಅಣುವೊಂದು ಎರಡು ಕೈ ಚಾಚಿ
ನಿಕ್ಕಲ್ಲನ್ನು ಈಚೆಯಿಂದ ಹಿಡಿದರೆ
ಆಚೆಯಿಂದ ಇನ್ನೊಂದು ಹಿಡಿಯುತ್ತದೆ.
ಅರವತ್ತೈದು ಡಿಗ್ರಿ, ರಾತ್ರಿಯಿಡೀ ಗಾಳಿಯ ಗುಳುಗುಳು,
ಬೆಳಗಾಗುವಾಗ ತಳದಲ್ಲಿ ಕಪ್ಪು ಪುಡಿ.
ಸೂಕ್ಷ್ಮದರ್ಶಕಕ್ಕೆ ಅದು ಜೇನುಹುಟ್ಟು,
ಗೋಡೆಯುಂಟು, ಜೇನಿಲ್ಲ.
ಒಂದು ಗ್ರಾಂ ಪುಡಿಯ ಒಳಮೈಯನ್ನು ಬಿಚ್ಚಿ ಹಾಸಿದರೆ
ಎರಡು ಟೆನಿಸ್ ಅಂಗಳ ಮುಚ್ಚಿ ಮಿಗುತ್ತದೆ.

ತೂತು ಮಾಡುವುದೇನು ದೊಡ್ಡದಲ್ಲ.
ತೂತಿನ ಹರಳು ಕಪಾಟಿನ ತುಂಬ ಇವೆ,
ಅನಿಲ ಹೀರುತ್ತವೆ, ಗಾಳಿಯ ತೇವ ಹಿಡಿಯುತ್ತವೆ,
ಮೀಟರಿಗೆ ಸಿಕ್ಕಿಸಿದರೆ ಮಾತ್ರ
ಅಪ್ಪನ ಪಿಂಗಾಣಿಯ ಹಾಗೆ ಮೂಕ.
ಖಾಲಿಯೂ ಇರಬೇಕು, ಹರಿಯಲೂ ಬೇಕು,
ಇದೇ ನಮ್ಮ ತಕರಾರು.
ಎಲೆಕ್ಟ್ರಾನು ಖಾಲಿಯನ್ನು ದಾಟಲಾರದು,
ಗೋಡೆ ಸವರಿಕೊಂಡು ನಡೆಯಬೇಕು,
ನಡುರಾತ್ರಿ ದೀಪ ಹಾಕದೆ ಬಚ್ಚಲಿಗೆ ಹೋಗುವವರಂತೆ.
ಎಲ್ಲಾದರೂ ಒಂದು ಕಡೆ
ಕೈಗೆ ಗೋಡೆ ಸಿಗದಿದ್ದರೆ ಅಲ್ಲೇ ನಿಂತಿತು.

ನಲವತ್ತೆರಡು ಸಲ ನಿಂತಿತು.
ಗಾಳಿ ಜಾಸ್ತಿ ಎಂದ ಯೋರ್ನ್, ಕಮ್ಮಿ ಮಾಡಿದೆವು;
ಅವಸರ ಜಾಸ್ತಿ ಎಂದೆ ನಾನು,
ಅದನ್ನು ಕಮ್ಮಿ ಮಾಡಲು ಯಾರಿಗೂ ಬರಲಿಲ್ಲ.
ನಲವತ್ತಮೂರನೆಯದನ್ನು ಒತ್ತಿ ಬಿಲ್ಲೆ ಮಾಡಿ
ನಾಲ್ಕು ಸೂಜಿ ಊರಿದಾಗ
ಅಂಕಿಗಳು ನಡುಗಿ, ನಿಂತವು.
ತಾಮ್ರದ ಮುಂದೆ ನಗೆಪಾಟಲು.
ತೂತಿನ ಮಟ್ಟಿಗೆ ಹಬ್ಬ.

ಜೂನಿನಲ್ಲಿ, ಊರವರಿಗೆಲ್ಲ
ಪ್ರಯೋಗಾಲಯದ ಬಾಗಿಲು ತೆರೆದ ರಾತ್ರಿ
ಇಸ್ತ್ರಿಯ ಅಂಗಿ ತೊಟ್ಟು ಬಂದ, ಎಂಬತ್ತೊಂದರ ಅಪ್ಪ.
ಟೆನಿಸ್ ಅಂಗಳದ ಮಾತಿಗೆ ಜನ ಓಹೋ ಎಂದರು.
ಅಪ್ಪ ಅನ್ನಲಿಲ್ಲ.
ಅಲ್ಲಿ ಯಾರಿಗೂ ತಿಳಿಯದ ನಮ್ಮ ಸೋರ್ಬಿಯನ್ ಮಾತಿನಲ್ಲಿ
ಮೆಲ್ಲಗೆ ಕೇಳಿದ:
ವೋರ್ಷಾ, ಇಷ್ಟೊಂದು ತೂತಾ?
ಹೂಂ.
ಬೇಕಂತಲೇ?
ಹೂಂ.
ಕರೆಂಟು ಹೋಗುತ್ತದಾ?
ಹೋಗುತ್ತದೆ ಅಪ್ಪ.
ನಮ್ಮಲ್ಲಿ ಬೇಡವೆಂದರೂ ಹೋಗುತ್ತಿತ್ತು, ಎಂದು ನಕ್ಕ.
ನಗು ಅರ್ಧಕ್ಕೆ ನಿಂತಿತು.
ಎಪ್ಪತ್ತೆಂಟರ ಚಳಿಗಾಲದ ಆ ಕಂಬ,
ಕೆಳಗೆ ಹಿಮ ಗೋರುತ್ತಿದ್ದ ಬೆನೊ.
ಅವನು ಆ ಹೆಸರು ಎತ್ತುವುದಿಲ್ಲ. ನಾನೂ ಕೇಳುವುದಿಲ್ಲ.

ತಟ್ಟೆಯಲ್ಲಿ ಒಡೆದ ಬಿಲ್ಲೆಯ ಅರ್ಧವಿತ್ತು.
ಎತ್ತಿಕೊಂಡ. ಬೆಳಕಿಗೆ ಹಿಡಿದು ಅಂಚು ನೋಡಿದ.
ಕೈ ತಾನಾಗಿ ಬಾಯಿಯತ್ತ ಏರಿತು,
ನಾಲಿಗೆಯ ತುದಿ ಹೊರಬಂತು.

ಮಣಿಕಟ್ಟು ಹಿಡಿದೆ.
ಬೇಡ ಅಪ್ಪ, ನಿಕ್ಕಲ್, ವಿಷ.
ಅಂಟುತ್ತದೆ.
ನೋಡುವುದೇ ಬೇಡ, ಅಂಟುತ್ತದೆ.

ಸಿಂಕಿನ ಬಳಿ ಕರೆದೊಯ್ದು
ಸೋಪು ಹಾಕಿ ತಿಕ್ಕಿದೆ, ಎರಡು ಸಲ.
ಉಗುರಿನ ಸಂದಿಯ ಕಪ್ಪು
ಪೂರ್ತಿ ಹೋಗಲಿಲ್ಲ.